ಹ್ಯಾಚ್‌ಬ್ಯಾಕ್ ಕಾರಿಗೆ ರೂಫ್ ಬಾರ್: ಟಾಪ್ ಹಾಳಾಗದಂತೆ ಕೂರಿಸುವ ಕ್ರಮ

ಮುಲ್ಕಿ, ಸಸಿಹಿತ್ಲು ಕಡೆಗೆ ಸರ್ಫ್ ಬೋರ್ಡ್ ಒಯ್ಯುವವರು, ಭಾನುವಾರ ಬೆಳಿಗ್ಗೆ ಸೈಕಲ್ ಹೇರಿಕೊಂಡು ಕಾರ್ಕಳ, ಹೆಬ್ರಿ ದಾರಿ ಹಿಡಿಯುವವರು, ಸಾಲಿಗ್ರಾಮದ ಹಿನ್ನೀರಿಗೆ ಕಯಾಕ್ ಇಳಿಸುವವರು ಎಲ್ಲರ ಹತ್ತಿರವೂ ದೊಡ್ಡ ಎಸ್‌ಯುವಿ ಇರುವುದಿಲ್ಲ. ಸ್ವಿಫ್ಟ್, ಬಲೆನೊ, ಐ20, ಟಿಯಾಗೊದಂಥ ಹ್ಯಾಚ್‌ಬ್ಯಾಕ್‌ನಲ್ಲೇ ಇದನ್ನೆಲ್ಲ ಮಾಡಬೇಕು. ಅದಕ್ಕೆ ಬೇಕಾದದ್ದು ರೂಫ್ ಬಾರ್, ಅಂದರೆ ಟಾಪಿನ ಮೇಲೆ ಅಡ್ಡಕ್ಕೆ ಕೂರಿಸುವ ಎರಡು ಕಂಬಿ. ಬಾರ್ ಕೂರಿಸುವ ಮಾತೆತ್ತಿದ ಕೂಡಲೇ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, ಟಾಪ್ ಹಾಳಾದರೆ?

ಕ್ರಮ ಪ್ರಕಾರ ಕೂರಿಸಿದರೆ ಹಾಳಾಗುವುದಿಲ್ಲ. ಬಾರ್ ಹಾಕಿ ಹಾಳಾದ ಟಾಪುಗಳನ್ನು ಹತ್ತಿರದಿಂದ ನೋಡಿದರೆ ಹೆಚ್ಚಾಗಿ ಮೂರೇ ಕಾರಣ ಕಾಣುತ್ತದೆ. ಬಾರಿನ ಕಾಲಿನಡಿಯ ರಬ್ಬರ್ ಪ್ಯಾಡ್ ಕೂತ ಜಾಗ ತಪ್ಪಿರುತ್ತದೆ, ಇಲ್ಲವೇ ಪ್ಯಾಡಿನ ಅಡಿಯಲ್ಲಿ ಹೊಯಿಗೆ ಉಳಿದಿರುತ್ತದೆ, ಇಲ್ಲವೇ ಬೋಲ್ಟನ್ನು ಅಗತ್ಯಕ್ಕಿಂತ ಹೆಚ್ಚು ಬಿಗಿದಿರುತ್ತಾರೆ. ಹೊತ್ತ ಭಾರದಿಂದಲೇ ಹಾಳಾದ ಟಾಪು ಕಡಿಮೆ. ಆದ್ದರಿಂದ ಕೆಳಗೆ ಬರೆದದ್ದರಲ್ಲಿ ಈ ಮೂರಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ನಿಮ್ಮ ಟಾಪ್ ಯಾವ ಬಗೆಯದು ನೋಡಿ

ಹಳೆಯ ಮಾರುತಿ 800, ಓಮ್ನಿಗಳ ಟಾಪಿನ ಎರಡೂ ಬದಿ ಮಳೆನೀರು ಹರಿಯುವ ಗಟರ್ ಇತ್ತು. ಕ್ಯಾರಿಯರಿನ ಕಾಲನ್ನು ಅದಕ್ಕೇ ಸಿಕ್ಕಿಸಿದರೆ ಮುಗಿಯುತ್ತಿತ್ತು. ಈಗಿನ ಹ್ಯಾಚ್‌ಬ್ಯಾಕ್‌ಗಳಿಗೆ ಆ ಗಟರ್ ಇಲ್ಲ. ಟಾಪಿನ ಮೇಲೆ ಉದ್ದಕ್ಕೆ ಕಾಣುವ ಎರಡು ಕಪ್ಪು ಪಟ್ಟಿಗಳು ತಗಡಿನ ಜೋಡಣೆಯನ್ನು ಮುಚ್ಚುವ ಬೀಡಿಂಗ್ ಅಷ್ಟೇ. ಅದನ್ನು ಕಿತ್ತು ಅಲ್ಲಿ ತೂತು ಕೊರೆದು ಕ್ಯಾರಿಯರ್ ಕೂರಿಸಿಕೊಡುತ್ತೇನೆ ಎನ್ನುವವರು ಈಗಲೂ ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮೂರಿನಲ್ಲಿ ಟಾಪಿಗೆ ತೂತು ಕೊರೆಯುವುದೆಂದರೆ ತುಕ್ಕನ್ನು ಕೈಯಾರೆ ಕರೆದಂತೆ. ಎಷ್ಟು ಸಿಲಿಕಾನ್ ಮೆತ್ತಿದರೂ ಎರಡು ಮಳೆಗಾಲದೊಳಗೆ ಒಳಗಿನ ಬಟ್ಟೆಯ ಮೇಲೆ ನೀರಿನ ಕಲೆ ಬರುವ ಸಾಧ್ಯತೆ ಇದ್ದೇ ಇದೆ.

ಕೆಲವು ಹ್ಯಾಚ್‌ಬ್ಯಾಕ್‌ಗಳ ಕ್ರಾಸ್ ಮಾದರಿಗಳಿಗೆ ಟಾಪಿನ ಉದ್ದಕ್ಕೆ ರೂಫ್ ರೈಲ್ ಇರುತ್ತದೆ. ಅದನ್ನು ನೋಡಿ ಖುಷಿಪಡುವ ಮೊದಲು ಓನರ್ಸ್ ಮ್ಯಾನುಯಲ್ ತೆಗೆದು ಓದಿ. ಹಲವು ಕಾರುಗಳಲ್ಲಿ ಈ ರೈಲ್ ಬರೀ ಅಂದಕ್ಕೆ, ಅಂಟು ಟೇಪು ಮತ್ತು ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಅದಕ್ಕೆ ಬಾರ್ ಬಿಗಿದರೆ ರೈಲ್ ಸಮೇತ ಎದ್ದು ಬರುತ್ತದೆ. ಮ್ಯಾನುಯಲ್‌ನಲ್ಲಿ ರೈಲ್ ಇಷ್ಟು ಕಿಲೋ ಹೊರುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದನ್ನು ನಂಬಿ.

ಉಳಿದದ್ದು ಬೋಳು ಟಾಪ್. ನಮ್ಮಲ್ಲಿನ ಬಹುಪಾಲು ಹ್ಯಾಚ್‌ಬ್ಯಾಕ್ ಇದೇ. ಇದಕ್ಕೆ ಬೇಕಾದದ್ದು ಡೋರ್ ಕ್ಲಾಂಪ್ ಬಗೆಯ ಬಾರ್. ರಬ್ಬರ್ ಪ್ಯಾಡ್ ಟಾಪಿನ ಅಂಚಿನ ಮೇಲೆ ಕೂರುತ್ತದೆ, ಕೊಕ್ಕೆ ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಅಂಚನ್ನು ಹಿಡಿಯುತ್ತದೆ. ಮುಂದಿನ ಮಾತೆಲ್ಲ ಈ ಬಗೆಯ ಬಾರಿನ ಬಗ್ಗೆ.

ಎಷ್ಟು ಭಾರ ಹೊರಿಸಬಹುದು

ಹ್ಯಾಚ್‌ಬ್ಯಾಕ್‌ಗಳ ರೂಫ್ ಲೋಡ್ ಸಾಮಾನ್ಯವಾಗಿ 50ರಿಂದ 75 ಕಿಲೋ ನಡುವೆ ಇರುತ್ತದೆ. ನಿಮ್ಮ ಕಾರಿನದು ಎಷ್ಟೆಂದು ಮ್ಯಾನುಯಲ್‌ನಲ್ಲೇ ನೋಡಬೇಕು. ಟಾಪಿನ ಮೇಲೆ ಏನನ್ನೂ ಹೇರಬೇಡಿ ಎಂದು ಬರೆದಿದ್ದರೆ ಅಲ್ಲಿಗೆ ಈ ಯೋಚನೆ ಬಿಡುವುದು ಒಳ್ಳೆಯದು.

ಬಾರಿನ ತೂಕವೂ ಈ ಲೆಕ್ಕದೊಳಗೇ ಬರುತ್ತದೆ. ಉದಾಹರಣೆಗೆ ಮಿತಿ 50 ಕಿಲೋ ಎಂದುಕೊಳ್ಳಿ. ಬಾರು, ಕಾಲು ಸೇರಿ 6 ಕಿಲೋ, ಎರಡು ಸೈಕಲ್ ಸ್ಟ್ಯಾಂಡ್ ತಲಾ 4 ಕಿಲೋದಂತೆ 8 ಹೋದರೆ ಉಳಿದದ್ದು 36. ತಲಾ 15 ಕಿಲೋದ ಎರಡು ಸೈಕಲ್ ಹೇರಬಹುದು, ಮೂರನೆಯದು ಬೇಡ. ಊರಿನಿಂದ ಬರುವಾಗ ಹಲಸಿನಕಾಯಿಯ ಗೋಣಿ, ಅಕ್ಕಿ ಮೂಟೆ ಟಾಪಿಗೆ ಏರಿಸುವ ಆಸೆ ಆಗುತ್ತದೆ. ಭಾರದ ಸಾಮಾನು ಡಿಕ್ಕಿಯಲ್ಲೇ ಇರಲಿ, ಟಾಪಿಗೆ ಹಗುರವಾದ ಉದ್ದದ ವಸ್ತುಗಳು ಸಾಕು.

ಯಾವ ಬಾರ್ ಕೊಳ್ಳಬೇಕು

ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಯೂನಿವರ್ಸಲ್ ಬಾರ್ ಅಗ್ಗ. ಆದರೆ ಟಾಪಿನ ಅಂಚಿನ ಬಾಗು ಕಾರಿನಿಂದ ಕಾರಿಗೆ ಬೇರೆ. ಅಂಚಿಗೆ ಹೊಂದದ ಪ್ಯಾಡ್ ಪೂರ್ತಿ ಕೂರದೆ ಒಂದು ಮೂಲೆಯಲ್ಲಷ್ಟೇ ಊರಿಕೊಳ್ಳುತ್ತದೆ, ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಟಾಪಿನ ತಗಡಿನ ದಪ್ಪ ಒಂದು ಮಿಲ್ಲಿಮೀಟರಿಗೂ ಕಡಿಮೆ. ಅಂಚಿನಲ್ಲಿ ಒಳಗಿನಿಂದ ಗಟ್ಟಿ ತೊಲೆ ಇರುವುದರಿಂದ ಅಲ್ಲಿ ಭಾರ ತಡೆಯುತ್ತದೆ. ಪ್ಯಾಡ್ ನಾಲ್ಕು ಬೆರಳು ಒಳಗೆ ಬಂದರೂ ಕೆಳಗೆ ಇರುವುದು ಬರೀ ತಗಡು.

ಆದ್ದರಿಂದ ನಿಮ್ಮ ಕಾರಿನ ಮಾಡೆಲ್ ಮತ್ತು ವರ್ಷಕ್ಕೆಂದೇ ಮಾಡಿದ ಕಿಟ್ ಇರುವ ಬಾರ್ ತೆಗೆದುಕೊಳ್ಳಿ. ಥೂಲೆಯಂಥ ಕಂಪನಿಗಳು ಬಾರ್, ಕಾಲು, ಕಾರಿಗೆ ತಕ್ಕ ಪ್ಯಾಡ್-ಕೊಕ್ಕೆಯ ಕಿಟ್ ಎಂದು ಮೂರು ಭಾಗವಾಗಿ ಮಾರುತ್ತವೆ. ದುಬಾರಿ ಹೌದು. ಆದರೆ ಕಾರು ಬದಲಿಸಿದಾಗ ಕಿಟ್ ಮಾತ್ರ ಬದಲಿಸಿದರೆ ಸಾಕಾಗುತ್ತದೆ. ವರ್ಷದ ಅಂತರವನ್ನು ಕಡೆಗಣಿಸಬೇಡಿ. ಒಂದೇ ಹೆಸರಿನ ಕಾರಾದರೂ ಹಳೆಯ ತಲೆಮಾರಿನ ಕಿಟ್ ಹೊಸದಕ್ಕೆ ಹೊಂದುವುದಿಲ್ಲ.

ಸನ್‌ರೂಫ್ ಇದ್ದರೆ ಅದು ಮೇಲಕ್ಕೆ ಎದ್ದು ತೆರೆಯುವ ಎತ್ತರ ಅಳೆದುಕೊಳ್ಳಿ, ಬಾರಿಗೆ ತಾಗಿದರೆ ಗಾಜಿನ ಖರ್ಚು ದೊಡ್ಡದು. ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಪಣಂಬೂರು, ಮಲ್ಪೆ, ಉಳ್ಳಾಲದಂಥ ಕಡಲ ಪಕ್ಕದ ಊರಿನಲ್ಲಿ ಮಾಮೂಲಿ ಬೋಲ್ಟು ಬೇಗ ತುಕ್ಕು ಹಿಡಿದು ಅಲ್ಯುಮಿನಿಯಂ ಜೊತೆ ಕಚ್ಚಿಕೊಂಡು ಬಿಡುತ್ತದೆ.

ವರ್ಷಕ್ಕೆ ನಾಲ್ಕಾರು ಬಾರಿ ಬೋರ್ಡ್ ಒಯ್ಯುವವರಿಗೆ ಬಾರ್ ಬೇಕೆಂದೇ ಇಲ್ಲ. ಬಾಗಿಲುಗಳ ಮೂಲಕ ಒಳಗಿನಿಂದ ಬೆಲ್ಟ್ ಸುತ್ತಿ ಬಿಗಿಯುವ ಮೆತ್ತನೆಯ ಸಾಫ್ಟ್ ರ್‍ಯಾಕ್ ಸಾಕು. ಮಳೆಯಲ್ಲಿ ಮಾತ್ರ ಬೆಲ್ಟಿನ ಗುಂಟ ನೀರು ಇಳಿದು ಸೀಟು ನೆನೆಯುತ್ತದೆ.

ತೊಳೆಯುವುದೇ ಅರ್ಧ ಕೆಲಸ

ಬಾರ್ ಕೂರಿಸುವ ದಿನ ಬೆಳಿಗ್ಗೆ ಬೇಗ, ನೆರಳಿನಲ್ಲಿ ಶುರು ಮಾಡಿ. ಮಧ್ಯಾಹ್ನದ ಬಿಸಿಲಿಗೆ ಕಾದ ಟಾಪಿನ ಮೇಲೆ ಕೈ ಇಡಲೂ ಆಗುವುದಿಲ್ಲ, ಸೋಪು ನೀರು ಒಣಗಿ ಕಲೆ ನಿಲ್ಲುತ್ತದೆ. ಮಾವಿನ ಮರದ ನೆರಳು ಬೇಡ, ಮೇಲಿಂದ ಸೊನೆ, ಎಲೆ ಉದುರುತ್ತದೆ.

ಮೊದಲು ಪೈಪಿನಲ್ಲಿ ಬರೀ ನೀರು ಬಿಟ್ಟು ಸಡಿಲ ಧೂಳು ಇಳಿಸಿ. ಆಮೇಲೆ ಕಾರ್ ಶಾಂಪೂ, ಮೈಕ್ರೋಫೈಬರ್ ಬಟ್ಟೆ. ನಮ್ಮಲ್ಲಿನ ಧೂಳು ಎರಡು ಬಗೆ: ಕಡಲ ಬದಿಯ ಹೊಯಿಗೆ, ಒಳನಾಡಿನ ಮುರಕಲ್ಲಿನ ಕೆಂಪು ಪುಡಿ. ಎರಡೂ ಗಟ್ಟಿ, ಎರಡೂ ಮೊನಚು. ಪ್ಯಾಡಿನ ಅಡಿಯಲ್ಲಿ ನಾಲ್ಕು ಕಣ ಉಳಿದರೂ ಕಾರು ಓಡುವಾಗಿನ ನಡುಕಕ್ಕೆ ಅವು ಸ್ಯಾಂಡ್‌ಪೇಪರಿನಂತೆ ಉಜ್ಜುತ್ತವೆ. ಬಾರ್ ಬಿಚ್ಚಿದಾಗ ಪ್ಯಾಡಿನ ಆಕಾರದಲ್ಲೇ ಮಂಕಾದ ಗುರುತು ಕಾಣುತ್ತದಲ್ಲ, ಅದನ್ನು ಒಂದು ಬದಿಯಿಂದ ಬೆಳಕು ಬಿಟ್ಟು ನೋಡಿ. ಒತ್ತಿದ ಗುರುತು ಇರುವುದಿಲ್ಲ, ಒಂದೇ ದಿಕ್ಕಿಗೆ ಎಳೆದ ಕೂದಲೆಳೆಯಂಥ ನೂರಾರು ಗೀರು ಇರುತ್ತವೆ. ಕಪ್ಪು ಟಾಪಿನ ಡ್ಯುಯಲ್ ಟೋನ್ ಕಾರಿನಲ್ಲಿ ಇದು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ತೊಳೆದ ಮೇಲೆ ನಾಲ್ಕೂ ಬಾಗಿಲು ತೆರೆದು ಮೇಲಿನ ಚೌಕಟ್ಟನ್ನೂ ಒರೆಸಿ. ಬಹಳ ಜನ ಇದನ್ನು ಮರೆಯುತ್ತಾರೆ. ಕೊಕ್ಕೆ ಹಿಡಿಯುವುದು ಅಲ್ಲೇ, ಕೆಂಪು ಧೂಳು ಕೂತಿರುವುದೂ ಅಲ್ಲೇ. ಪ್ಯಾಡಿನ ರಬ್ಬರನ್ನೂ ಸೋಪಿನಲ್ಲಿ ತೊಳೆದು ಒಣಗಿಸಿ.

ಟಾಪಿಗೆ ವ್ಯಾಕ್ಸ್ ಅಥವಾ ಪಾಲಿಶ್ ಹಾಕಿಸಿದ್ದರೆ ಪ್ಯಾಡ್ ಕೂರುವ ಜಾಗದಲ್ಲಿ ಮಾತ್ರ ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಪ್ಯಾಡ್ ಜಾರುತ್ತದೆ. ಟಾಪಿಗೆ ಹೊಸದಾಗಿ ಪೇಂಟ್ ಹೊಡೆಸಿದ್ದರೆ ಒಂದು ತಿಂಗಳಾದರೂ ಕಾಯಿರಿ. ಸ್ಟಿಕ್ಕರ್ ರ್‍ಯಾಪ್ ಮಾಡಿಸಿದ ಟಾಪಿನ ಮೇಲೆ ಪ್ಯಾಡ್ ಬಿಗಿಯಬೇಡಿ, ರ್‍ಯಾಪ್ ಹಿಗ್ಗಿ ಸುಕ್ಕು ಬರುತ್ತದೆ.

ಇನ್ನು ಒಂದು ಒಳ್ಳೆಯ ಉಪಾಯ: ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಪಿಪಿಎಫ್ ಫಿಲ್ಮಿನ ತುಂಡು. ಪ್ಯಾಡಿಗಿಂತ ಸುತ್ತಲೂ ಒಂದೆರಡು ಸೆಂಟಿಮೀಟರ್ ದೊಡ್ಡದಾಗಿ, ಮೂಲೆ ದುಂಡಗೆ ಕತ್ತರಿಸಿ ನಾಲ್ಕು ಜಾಗಕ್ಕೆ ಅಂಟಿಸಿ. ಕಾರ್ ಡೀಟೇಲಿಂಗ್ ಅಂಗಡಿಗಳಲ್ಲಿ ಕೇಳಿದರೆ ಉಳಿದ ತುಂಡುಗಳೇ ಸಿಗುತ್ತವೆ. ಅದರ ಬದಲು ಬೈರಾಸಿನ ತುಂಡು, ಹಳೆಯ ಟ್ಯೂಬು, ಸ್ಪಂಜು ಇಡುವವರಿದ್ದಾರೆ. ಮೆತ್ತಗಿದೆ, ಟಾಪಿಗೆ ಒಳ್ಳೆಯದು ಎಂದು ಅನಿಸುತ್ತದೆ, ಆಗುವುದು ಬೇರೆ. ಬಟ್ಟೆ ನೀರು ಹೀರಿಕೊಂಡು ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಟ್ಯೂಬು ಕಪ್ಪು ಕಲೆ ಬಿಡುತ್ತದೆ, ಸ್ಪಂಜು ಕುಗ್ಗಿ ಬಿಗಿದ ಬೋಲ್ಟು ಸಡಿಲವಾಗುತ್ತದೆ.

ಅಳತೆ ಹಾಕಿ ಕೂರಿಸುವುದು

ಇದಕ್ಕೆ ಇಬ್ಬರು ಬೇಕು. ಒಬ್ಬರೇ ಮಾಡಹೊರಟರೆ ಬಾರಿನ ಒಂದು ತುದಿ ಟಾಪಿನ ಮೇಲೆ ಎಳೆದುಕೊಂಡು ಹೋಗುತ್ತದೆ, ಮೊದಲ ಗೀರು ಅಲ್ಲೇ ಬೀಳುತ್ತದೆ. ಟಾಪಿನ ನಡುವೆ ದಪ್ಪ ಚಾದರವೊಂದನ್ನು ಹಾಸಿಕೊಂಡರೆ ಕೈ ತಪ್ಪಿ ಸ್ಪಾನರ್ ಬಿದ್ದರೂ ಚಿಂತೆಯಿಲ್ಲ. ಕಾಲಿಗೆ ಗಟ್ಟಿ ಸ್ಟೂಲ್ ಹಾಕಿಕೊಳ್ಳಿ, ಬಾಗಿಲಿನ ಹೊಸ್ತಿಲ ಮೇಲೆ ನಿಂತು ಬೆಲ್ಟಿನ ಬಕಲ್ ಟಾಪಿಗೆ ಒರಗಿಸಿ ಕೆಲಸ ಮಾಡಬೇಡಿ.

ಬಾರಿಗೆ ಕಾಲು ಸೇರಿಸುವ ಕೆಲಸ ನೆಲದ ಮೇಲೆಯೇ ಆಗಲಿ. ಮುಂದಿನ ಬಾರ್, ಹಿಂದಿನ ಬಾರ್, ಎಡಗಾಲು, ಬಲಗಾಲು ಬೇರೆ ಬೇರೆ, ಪ್ಯಾಡುಗಳ ಅಡಿಯಲ್ಲಿ ನಂಬರ್ ಅಚ್ಚಾಗಿರುತ್ತದೆ. ಕಿಟ್ ಜೊತೆಗಿನ ಹಾಳೆಯಲ್ಲಿ ನಿಮ್ಮ ಕಾರಿಗೆ ಕಾಲು ಎಷ್ಟನೆಯ ಗುರುತಿಗೆ ನಿಲ್ಲಬೇಕೆಂದು ಕೊಟ್ಟಿರುತ್ತಾರೆ. ಮುಂದಿನ ಬಾರಿಗೂ ಹಿಂದಿನದಕ್ಕೂ ಆ ಅಂಕಿ ಬೇರೆ ಇರಬಹುದು, ಏಕೆಂದರೆ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳ ಟಾಪ್ ಹಿಂದೆ ಹೋದಂತೆ ಕಿರಿದಾಗುತ್ತದೆ.

ಆಮೇಲೆ ನಾಲ್ಕೂ ಬಾಗಿಲು ತೆರೆದಿಟ್ಟು ಇಬ್ಬರೂ ಎರಡು ತುದಿ ಹಿಡಿದು ಬಾರನ್ನು ಮೇಲಿಂದ ನೇರವಾಗಿ ಇಳಿಸಿ. ಇಟ್ಟ ಮೇಲೆ ಜಾರಿಸಬೇಡಿ. ಜಾಗ ಬದಲಿಸಬೇಕಾದರೆ ಎತ್ತಿ ಇಡಿ. ಬಾರ್ ಎಲ್ಲಿ ನಿಲ್ಲಬೇಕೆಂಬ ಅಳತೆ ಅದೇ ಹಾಳೆಯಲ್ಲಿದೆ, ಟೇಪ್ ಹಿಡಿದು ಎಡಬಲ ಎರಡೂ ಕಡೆ ಅಳೆಯಿರಿ. ಒಂದು ಬದಿ ಮುಂದೆ, ಒಂದು ಬದಿ ಹಿಂದೆ ಆದರೆ ಪ್ಯಾಡ್ ತಿರುಚಿಕೊಂಡು ಕೂರುತ್ತದೆ. ಜಾಗ ಸರಿಯಾದ ಮೇಲೆ ಮಾಸ್ಕಿಂಗ್ ಟೇಪಿನ ಸಣ್ಣ ತುಂಡು ಅಂಟಿಸಿ ಗುರುತು ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅರ್ಧ ಹೊತ್ತು ಉಳಿಯುತ್ತದೆ. ಎರಡು ಬಾರುಗಳ ನಡುವೆ 60–70 ಸೆಂಟಿಮೀಟರ್ ಸಿಕ್ಕರೆ ಬೋರ್ಡ್, ಕಯಾಕ್ ಅಲುಗಾಡದೆ ನಿಲ್ಲುತ್ತವೆ.

ಕೊಕ್ಕೆ ಹಾಕುವಾಗ ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗ್ ಗಮನಿಸಿ. ಕೊಕ್ಕೆ ಕಬ್ಬಿಣದ ಅಂಚನ್ನೇ ಹಿಡಿಯಬೇಕು, ಬೀಡಿಂಗನ್ನು ಕಚ್ಚಿಕೊಂಡು ಕೂರಬಾರದು. ಕೊಕ್ಕೆಯ ಮೇಲಿನ ರಬ್ಬರ್ ಲೇಪ ಹರಿದಿದ್ದರೆ ಅದನ್ನು ಬದಲಿಸಿ. ಟಾಪಿನ ಮೇಲಿನ ಗೀರು ಕಾಣುತ್ತದೆ, ಆದರೆ ಬಾಗಿಲೊಳಗಿನ ಈ ಅಂಚಿನಲ್ಲಿ ಪೇಂಟ್ ಎದ್ದರೆ ಯಾರಿಗೂ ಕಾಣುವುದಿಲ್ಲ, ಉಪ್ಪುಗಾಳಿಗೆ ಒಳಗೊಳಗೇ ತುಕ್ಕು ಹರಡುತ್ತದೆ. ಹಾಗೇನಾದರೂ ಎದ್ದದ್ದು ಕಂಡರೆ ಅದೇ ದಿನ ಟಚ್‌ಅಪ್ ಪೇಂಟ್ ಹಚ್ಚಿ.

ಬಿಗಿಯುವ ರೀತಿ

ಒಂದು ಬದಿ ಪೂರ್ತಿ ಬಿಗಿದು ಇನ್ನೊಂದು ಬದಿಗೆ ಹೋಗುವ ಅಭ್ಯಾಸ ಬಹಳ ಕಡೆ ಇದೆ. ಬಾರ್ ಆ ಬದಿಗೆ ಎಳೆದುಕೊಂಡು ನಡುವಿನಿಂದ ಸರಿಯುತ್ತದೆ, ಪ್ಯಾಡೂ ಟಾಪಿನ ಮೇಲೆ ಉಜ್ಜುತ್ತಾ ಸರಿಯುತ್ತದೆ. ಎಡಕ್ಕೆ ಎರಡು ಮೂರು ಸುತ್ತು, ಬಲಕ್ಕೆ ಎರಡು ಮೂರು ಸುತ್ತು, ಹೀಗೆ ಸಮಸಮವಾಗಿ ಬಿಗಿಯುತ್ತ ಬನ್ನಿ. ನಡುನಡುವೆ ನಿಲ್ಲಿಸಿ ಎರಡೂ ಬದಿ ಬಾರಿನ ತುದಿ ಸಮನಾಗಿ ಹೊರಬಂದಿದೆಯೇ ನೋಡಿ.

ಎಲ್ಲಿಗೆ ನಿಲ್ಲಿಸಬೇಕು? ಒಳ್ಳೆಯ ಕಿಟ್ ಜೊತೆ ಟಾರ್ಕ್ ಕೀ ಬರುತ್ತದೆ, ಸರಿಯಾದ ಬಿಗಿಗೆ ಕ್ಲಿಕ್ ಎನ್ನುತ್ತದೆ ಅಥವಾ ಗುರುತು ಸೇರುತ್ತದೆ. ಅಲ್ಲಿಗೆ ಕೈ ತೆಗೆಯಿರಿ. "ಇನ್ನೂ ಒಂದು ಸುತ್ತು ಇರಲಿ, ಘಾಟಿ ದಾರಿ ಅಲ್ಲವಾ" ಎನ್ನುವ ಆ ಒಂದು ಸುತ್ತೇ ಚೌಕಟ್ಟಿನ ಅಂಚನ್ನು ಹೊರಕ್ಕೆ ಬಗ್ಗಿಸುವುದು. ಬಗ್ಗಿದ ಅಂಚಿನ ಮೇಲೆ ಬೀಡಿಂಗ್ ಸರಿಯಾಗಿ ಕೂರುವುದಿಲ್ಲ, ಜೂನ್ ತಿಂಗಳಲ್ಲಿ ನೀರು ಸೀಟಿನ ಮೇಲೆ ತೊಟ್ಟಿಕ್ಕುವಾಗ ಕಾರಣ ಹುಡುಕಿದರೂ ಸಿಗುವುದಿಲ್ಲ. ಉದ್ದ ಹಿಡಿಯ ಸ್ಪಾನರ್, ಬ್ಯಾಟರಿ ಡ್ರಿಲ್ ಎರಡನ್ನೂ ಈ ಕೆಲಸದ ಹತ್ತಿರ ತರಬೇಡಿ. ಬೋಲ್ಟು ಕಚ್ಚಿಕೊಳ್ಳದಂತೆ ಅದರ ಎಳೆಗೆ ಸ್ವಲ್ಪ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಬಹುದೇ ಎಂದು ಹಾಳೆ ನೋಡಿ. ಕೆಲವು ತಯಾರಕರು ಒಣ ಎಳೆಗೆಂದೇ ಟಾರ್ಕ್ ಕೊಟ್ಟಿರುತ್ತಾರೆ, ಎಣ್ಣೆ ಹಚ್ಚಿದರೆ ಅದೇ ಅಂಕಿಗೆ ಬಿಗಿ ಹೆಚ್ಚಾಗಿಬಿಡುತ್ತದೆ.

ಬಿಗಿದಾದ ಮೇಲೆ ಬಾರ್ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲುಗಿಸಿ. ಬಾರ್ ಮಾತ್ರ ಅಲುಗಿದರೆ ಸಡಿಲ. ಇಡೀ ಕಾರು ಸ್ಪ್ರಿಂಗಿನ ಮೇಲೆ ಅಲುಗಿದರೆ ಸರಿಯಾಗಿದೆ. ಬಾಗಿಲುಗಳನ್ನು ನಿಧಾನವಾಗಿ ಮುಚ್ಚಿ, ಎಲ್ಲೂ ಉಜ್ಜುವ ಸದ್ದು ಬರಬಾರದು. ಆಮೇಲೆ ಪೈಪಿನಿಂದ ಬಾಗಿಲ ಮೇಲಂಚಿಗೆ ಐದು ನಿಮಿಷ ನೀರು ಬಿಡಿ, ಒಳಗೆ ಕೂತವರು ಬೀಡಿಂಗಿನ ಗುಂಟ ಟಿಶ್ಯೂ ಒತ್ತಿ ನೋಡಲಿ. ಕೊನೆಗೆ ಹಿಂದಿನ ಬಾಗಿಲು. ಹ್ಯಾಚ್ ತೆರೆದಾಗ ಸ್ಪಾಯ್ಲರ್ ಟಾಪಿನ ಮೇಲೆ ಹಿಂದಿನಿಂದ ಮುಂದಕ್ಕೆ ಬಾಗುತ್ತದೆ. ಹಿಂದಿನ ಬಾರಿಗೆ, ಅದಕ್ಕಿಂತ ಮುಖ್ಯವಾಗಿ ಬಾರಿನಾಚೆ ಚಾಚಿಕೊಂಡ ಬೋರ್ಡಿಗೆ ಅದು ಬಡಿಯಬಹುದು. ಸಾಮಾನು ಹೇರಿದ ಮೇಲೆ ಡಿಕ್ಕಿಯನ್ನು ಕೈಯಲ್ಲಿ ಹಿಡಿದೇ ತೆರೆಯಿರಿ, ಗ್ಯಾಸ್ ಸ್ಟ್ರಟ್ ತಾನಾಗಿ ಎತ್ತಲು ಬಿಡಬೇಡಿ.

ಸಾಮಾನು ಕಟ್ಟುವುದು, ರಸ್ತೆಗಿಳಿಯುವುದು

ಬೋರ್ಡ್, ಕಯಾಕ್‌ಗೆ ಕೈಯಿಂದ ಎಳೆದು ಬಿಗಿಯುವ ಕ್ಯಾಮ್ ಬಕಲ್ ಬೆಲ್ಟ್ ಸಾಕು. ಲಾರಿಯವರ ರ್‍ಯಾಚೆಟ್ ಬೆಲ್ಟ್ ಬಲ ಹೆಚ್ಚು, ಫೋಮ್ ಬೋರ್ಡನ್ನೇ ಹಿಸುಕುತ್ತದೆ, ಬಾರನ್ನೂ ಕೆಳಕ್ಕೆ ಎಳೆಯುತ್ತದೆ. ಕಬ್ಬಿಣದ ಬಕಲಿನ ಅಡಿಗೆ ಬಟ್ಟೆ ಇರಲಿ, ಬೆಲ್ಟಿನ ಬಾಲವನ್ನು ಕಟ್ಟಿಹಾಕಿ. ಗಾಳಿಗೆ ಅದು ಟಾಪಿಗೆ ಪಟಪಟ ಬಡಿದು ಪೇಂಟ್ ತಿನ್ನುತ್ತದೆ. ಬೆಲ್ಟಿಗೆ ಒಂದು ತಿರುವು ಕೊಟ್ಟರೆ ಗುಂಯ್ ಎನ್ನುವ ಸದ್ದು ಕಡಿಮೆಯಾಗುತ್ತದೆ. ಕಯಾಕ್‌ನಂಥ ಉದ್ದದ್ದಕ್ಕೆ ಮುಂದೆ ಹಿಂದೆ ಬಂಪರ್ ಕಡೆಯ ಟೋ ಹುಕ್ಕಿಗೆ ಒಂದೊಂದು ಹಗ್ಗವೂ ಬೇಕು.

ಪ್ಲೈವುಡ್ ಶೀಟ್, ಹಾಸಿಗೆ ಇವನ್ನು ಹೇರಬೇಡಿ. 8 ಅಡಿ ಉದ್ದ 4 ಅಡಿ ಅಗಲದ ಹಲಗೆಯ ಅಡಿಗೆ ಗಾಳಿ ಹೊಕ್ಕರೆ ಬಾರನ್ನು ಮೇಲಕ್ಕೆ ಎತ್ತುತ್ತದೆ, ಎಳೆತವೆಲ್ಲ ಆ ನಾಲ್ಕು ಸಣ್ಣ ಕೊಕ್ಕೆಗಳ ಮೇಲೆ ಬೀಳುತ್ತದೆ. ಒಂದು ಗೂಡ್ಸ್ ಟೆಂಪೋ ಬಾಡಿಗೆ ಕೊಟ್ಟರೆ ಟಾಪು ಉಳಿಯುತ್ತದೆ, ಹಿಂದೆ ಬರುವ ಬೈಕಿನವರೂ ಉಳಿಯುತ್ತಾರೆ.

ಮಂಗಳೂರಿನಿಂದ ಉಡುಪಿ ಕಡೆ ಹೊರಟಿದ್ದರೆ ಮುಲ್ಕಿ ಸುಮಾರು 30 ಕಿಲೋಮೀಟರ್. ಅಲ್ಲಿ ನಿಲ್ಲಿಸಿ ನಾಲ್ಕೂ ಬೋಲ್ಟು, ಬೆಲ್ಟು ಮುಟ್ಟಿ ನೋಡಿ. ಹೊಸದಾಗಿ ಕೂರಿಸಿದ ಪ್ಯಾಡ್ ಮೊದಲ ಓಟದಲ್ಲಿ ಸ್ವಲ್ಪ ಕುಸಿದು ಕೂರುವುದರಿಂದ ಟಾರ್ಕ್ ಕೀ ಇನ್ನರ್ಧ ಸುತ್ತು ತಿರುಗುವುದು ಸಹಜ. ನೇತ್ರಾವತಿ ಸೇತುವೆ, ಕೂಳೂರು ಸೇತುವೆ, ಮುಲ್ಕಿಯ ಶಾಂಭವಿ ಸೇತುವೆಗಳ ಮೇಲೆ ಕಡಲಿನಿಂದ ಬೀಸುವ ಅಡ್ಡಗಾಳಿ ಕಾರನ್ನು ಬದಿಗೆ ತಳ್ಳುತ್ತದೆ, ಅಲ್ಲಿ ವೇಗ ಇಳಿಸಿ. ಹೆದ್ದಾರಿಯಲ್ಲೂ ಗಂಟೆಗೆ 80 ಕಿಲೋಮೀಟರ್ ದಾಟದಿರುವುದು ಕ್ಷೇಮ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಕಾರು ಮಾಮೂಲಿಗಿಂತ ಹೆಚ್ಚು ವಾಲುತ್ತದೆ, ಏಕೆಂದರೆ ಭಾರ ಮೇಲಿದೆ.

ಕಾನೂನಿನ ಮಾತೂ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನ ಪ್ರಕಾರ, ಸಾಮಾನು ವಾಹನದ ಬದಿಯಿಂದ ಹೊರಕ್ಕೆ, ಅಥವಾ ಮುಂದೆ, ಹಿಂದೆ, ಎತ್ತರದಲ್ಲಿ ಅನುಮತಿಸಿದ ಮಿತಿ ಮೀರಿ ಚಾಚಿದ್ದರೆ ದಂಡ 20,000 ರೂಪಾಯಿ. ಬಾರನ್ನೂ ಕಾರಿನ ಅಗಲದೊಳಗೇ ಕತ್ತರಿಸಿಕೊಳ್ಳಿ. ಬಾರ್ ಹಾಕಿದ್ದನ್ನು ತಿಳಿಸಿ ಇನ್ಶೂರೆನ್ಸ್ ಕಂಪನಿಗೆ ಒಂದು ಇಮೇಲ್ ಹಾಕಿ ಉತ್ತರ ಇಟ್ಟುಕೊಂಡರೆ ಮುಂದೆ ತಕರಾರಿಲ್ಲ. ಮಾಲ್‌ಗಳ ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯುವ ಮೊದಲು ಸಾಮಾನು ಸೇರಿದ ಎತ್ತರ ಅಳೆದು ಡ್ಯಾಶ್‌ಬೋರ್ಡಿನಲ್ಲಿ ಬರೆದು ಅಂಟಿಸಿ.

ಬಿಚ್ಚಿಡುವುದು

ಕೆಲಸವಿಲ್ಲದ ದಿನಗಳಲ್ಲಿ ಬಾರ್ ಟಾಪಿನ ಮೇಲೆ ಇರಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಗಾಳಿಯ ಸದ್ದು ಬೇರೆ. ಅದಕ್ಕಿಂತ ದೊಡ್ಡ ತೊಂದರೆ ಪ್ಯಾಡಿನ ಅಡಿಗೆ ದಿನದಿನವೂ ಸೇರುವ ಉಪ್ಪು ಮತ್ತು ಧೂಳು. ಬಿಚ್ಚಲು ಆಗದಿದ್ದರೆ ತಿಂಗಳಿಗೊಮ್ಮೆಯಾದರೂ ಸಡಿಲಿಸಿ, ಎತ್ತಿ, ಅಡಿ ತೊಳೆದು ಮತ್ತೆ ಕೂರಿಸಿ. ಕಡಲಿಗೆ ಇಳಿಸಿದ ಬೋರ್ಡ್ ಹೇರಿಕೊಂಡು ಬಂದ ದಿನ ಸಂಜೆಯೇ ಬಾರು, ಕೊಕ್ಕೆ, ಟಾಪು ಎಲ್ಲಕ್ಕೂ ಸಿಹಿನೀರು ಬಿಡಿ.

ಬಿಚ್ಚುವಾಗಲೂ ಬಿಗಿದ ಕ್ರಮವೇ: ಎರಡೂ ಬದಿ ಸ್ವಲ್ಪ ಸ್ವಲ್ಪ ಸಡಿಲಿಸಿ, ಇಬ್ಬರೂ ಹಿಡಿದು ನೇರ ಮೇಲಕ್ಕೆತ್ತಿ. ಮೇ ಕೊನೆಯಲ್ಲಿ ಪೂರ್ತಿ ಬಿಚ್ಚಿಟ್ಟರೆ ಮಳೆಗಾಲ ಮುಗಿಯುವ ತನಕ ಚಿಂತೆಯಿಲ್ಲ. ರಬ್ಬರನ್ನು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬೋಲ್ಟು ಒರೆಸಿ, ಕೀ ಮತ್ತು ಅಳತೆಯ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾರಿಗೇ ಕಟ್ಟಿಡಿ. ಪ್ಯಾಡಿನ ರಬ್ಬರಿನಲ್ಲಿ ಬಿರುಕು ಕಂಡರೆ ಈಗಲೇ ಬೇರೆಯದಕ್ಕೆ ಆರ್ಡರ್ ಹಾಕಿ, ಅಕ್ಟೋಬರಿನಲ್ಲಿ ಕೂರಿಸುವ ಹೊತ್ತಿಗೆ ಅದು ಕೈಗೆ ಬಂದಿರುತ್ತದೆ.